ಸೂಪಾ ಡ್ಯಾಮ್ ಇದೆ, ಸೂಪಾ ಊರು ಎಲ್ಲಿ? ಜೋಯಿಡಾದ ನೆಲ, ನೀರು, ಜನ

ಪ್ರಶ್ನೆ: ದಾಂಡೇಲಿ ಕಡೆ ಮೂರು ದಿನ ಪ್ರವಾಸ ಹೋಗಿದ್ದೆವು. ಗಣೇಶಗುಡಿಯಲ್ಲಿ ರಾಫ್ಟಿಂಗ್ ಮಾಡಿದೆವು. ಬೆಳಗ್ಗೆ ಬರೀ ಬಂಡೆ ಕಾಣುತ್ತಿದ್ದ ನದಿ ಆಮೇಲೆ ತುಂಬಿ ಹರಿಯಿತು. ಅಲ್ಲಿಂದ ಉಳವಿಗೆ ಹೋಗುವಾಗ ಗಂಟೆಗಟ್ಟಲೆ ಕಾಡು, ಊರೇ ಇಲ್ಲ. ಅಂಗಡಿಯಲ್ಲಿ ಒಬ್ಬರು ಕೊಂಕಣಿ, ಇನ್ನೊಬ್ಬರು ಮರಾಠಿ, ನಮ್ಮ ಹತ್ತಿರ ಕನ್ನಡ. ಇದು ಯಾವ ತಾಲ್ಲೂಕು? ಇಲ್ಲಿ ಯಾರು ಇದ್ದಾರೆ? ಸೂಪಾ ಡ್ಯಾಮ್ ಅಂತಾರೆ, ಆದರೆ ಸೂಪಾ ಅನ್ನೋ ಊರು ನಮಗೆಲ್ಲೂ ಸಿಗಲಿಲ್ಲ. ಸ್ವಲ್ಪ ವಿವರವಾಗಿ ಹೇಳುತ್ತೀರಾ?

ಉತ್ತರ: ನೀವು ಹುಡುಕಿದ ಸೂಪಾ ನೀರಿನ ಅಡಿಯಲ್ಲಿದೆ. ಅದನ್ನು ಹೇಳದೆ ಈ ಸೀಮೆಯ ಬಗ್ಗೆ ಮಾತು ಶುರು ಮಾಡುವುದಕ್ಕೇ ಆಗುವುದಿಲ್ಲ. ಹಾಗಾಗಿ ಮೊದಲು ಆ ವಿಷಯ.

ನೀವು ಸುತ್ತಾಡಿದ್ದು ಜೋಯಿಡಾ ತಾಲ್ಲೂಕು. ಸೂಪಾ ಒಂದು ಕಾಲಕ್ಕೆ ಈ ತಾಲ್ಲೂಕಿನ ಮುಖ್ಯ ಊರು. ಕಾಳಿ ನದಿಗೆ ಪಾಂಡ್ರಿ ಹೊಳೆ ಬಂದು ಸೇರುವ ಜಾಗದಲ್ಲಿತ್ತು. ಕಚೇರಿ, ಪೇಟೆ, ದೇವಸ್ಥಾನ, ನದಿದಂಡೆಯ ಗದ್ದೆ, ಎಲ್ಲ ಅಲ್ಲೇ. ಎಪ್ಪತ್ತರ ದಶಕದಲ್ಲಿ ಗಣೇಶಗುಡಿ ಹತ್ತಿರ ಅಣೆಕಟ್ಟು ಕಟ್ಟುವ ಕೆಲಸ ಶುರುವಾಯಿತು. 1987ರಲ್ಲಿ ಮುಗಿಯಿತು. 101 ಮೀಟರ್ ಎತ್ತರ, 332 ಮೀಟರ್ ಉದ್ದ. ನೀರು ನಿಲ್ಲುತ್ತಾ ಬಂದ ಹಾಗೆ ಸೂಪಾ ಮುಳುಗಿತು, ಸುತ್ತಲಿನ ಹಳ್ಳಿಗಳೂ ಮುಳುಗಿದವು. ತಾಲ್ಲೂಕು ಕಚೇರಿ ಜೋಯಿಡಾಕ್ಕೆ ಬಂತು. ಜನಗಣತಿಯ ಪುಸ್ತಕದಲ್ಲಿ ಮಾತ್ರ ಈ ತಾಲ್ಲೂಕು 2011ರಲ್ಲೂ ‘ಸೂಪಾ’ ಅಂತಲೇ ಇತ್ತು. ಊರಿಲ್ಲ, ಊರಿನ ಹೆಸರು ಮಾತ್ರ ಕಾಗದದಲ್ಲಿ ಮತ್ತು ಡ್ಯಾಮಿನ ಮೇಲೆ ಉಳಿದಿದೆ.

ಊರು ಬಿಟ್ಟವರಲ್ಲಿ ತುಂಬಾ ಜನರಿಗೆ ಬೆಳಗಾವಿಯಿಂದ ಗೋವಾಕ್ಕೆ ಹೋಗುವ ದಾರಿಯಲ್ಲಿರುವ ರಾಮನಗರದಲ್ಲಿ ಜಾಗ ಕೊಟ್ಟರು. ನೀವು ಆ ಕಡೆಯಿಂದ ಬಂದಿದ್ದರೆ ಆ ಊರು ದಾಟಿಯೇ ಬಂದಿರುತ್ತೀರಿ. ಸಾಲುಸಾಲಾಗಿ ಅಳತೆ ಮಾಡಿ ಹಾಕಿದ ಬೀದಿಗಳು. ಉಳಿದ ಜೋಯಿಡಾದ ಊರುಗಳು ಹಾಗಿರುವುದಿಲ್ಲ. ಇಲ್ಲಿ ಒಂದು ಮನೆಯಿಂದ ಇನ್ನೊಂದು ಮನೆಗೆ ಗದ್ದೆ ದಾಟಬೇಕು, ಕೆಲವು ಕಡೆ ಹಳ್ಳ ದಾಟಬೇಕು. ಹೊಳೆ ದಂಡೆಯ ಗದ್ದೆ ಬಿಟ್ಟು ಬಂದವರಿಗೆ ಬೇಸಾಯವನ್ನು ಮೊದಲಿನಿಂದ ಕಲಿತ ಹಾಗಾಯಿತು. ನಾನು ಮಾತಾಡಿಸಿದ ಹಿರಿಯರೆಲ್ಲ ಮೊದಲು ಮನೆಯ ಬಗ್ಗೆ ಹೇಳಲಿಲ್ಲ. ಗದ್ದೆಯ ಹೆಸರು ಹೇಳಿದರು. ಈ ಗದ್ದೆಗೆ ಇಂಥ ಹೆಸರು, ಅದರ ಪಕ್ಕದ್ದಕ್ಕೆ ಇಂಥದ್ದು ಅಂತ ಬೆರಳು ಮಡಚಿ ಎಣಿಸಿದರು.

ಇನ್ನು ನೀವು ರಾಫ್ಟಿಂಗ್ ಮಾಡಿದ ನೀರು. ಅದು ಮಳೆ ನೀರು ಹೌದು, ಆದರೆ ಮಳೆ ಬಂದಾಗ ಹರಿಯುವ ನೀರಲ್ಲ. ಸೂಪಾ ಅಣೆಕಟ್ಟಿನ ಬುಡದಲ್ಲಿ 100 ಮೆಗಾವಾಟ್ ವಿದ್ಯುತ್ ಮನೆ ಇದೆ. ಅಲ್ಲಿ ಟರ್ಬೈನ್ ತಿರುಗಿದಾಗ ಕೆಳಗೆ ನೀರು ಬರುತ್ತದೆ, ನಿಂತಾಗ ನಿಲ್ಲುತ್ತದೆ. ಬೆಳಗ್ಗೆ ನೀವು ಬಂಡೆ ನೋಡಿದ್ದು, ಆಮೇಲೆ ಅಲೆ ನೋಡಿದ್ದು ಅದಕ್ಕೇ. ಅದೇ ನೀರು ಮುಂದೆ ಬೊಮ್ಮನಹಳ್ಳಿ ಜಲಾಶಯ ಸೇರಿ, ಸುರಂಗದಲ್ಲಿ ಹೋಗಿ ನಾಗಝರಿಯಲ್ಲಿ ಮತ್ತೆ ವಿದ್ಯುತ್ ಕೊಡುತ್ತದೆ. ಅಲ್ಲಿಂದ ಕೊಡಸಳ್ಳಿ, ಆಮೇಲೆ ಕದ್ರಾ. ಒಂದೇ ನೀರು ನಾಲ್ಕು ಸಲ ದುಡಿಯುತ್ತದೆ. ಸೂಪಾ ಜಲಾಶಯ ತುಂಬಿದರೆ ಸುಮಾರು 145 ಟಿಎಂಸಿ ಅಡಿ ನೀರು. ಬೇಸಿಗೆಯಲ್ಲಿ ಬೇರೆ ಹೊಳೆಗಳೆಲ್ಲ ಬತ್ತಿದಾಗಲೂ ಬೆಂಗಳೂರಿನಲ್ಲಿ ಫ್ಯಾನು ತಿರುಗುತ್ತಿದ್ದರೆ ಅದರಲ್ಲಿ ಈ ನೀರಿನ ಪಾಲೂ ಇರುತ್ತದೆ.

ನಕ್ಷೆ ತೆಗೆದು ನೋಡಿ. ಉತ್ತರ ಕನ್ನಡ ಜಿಲ್ಲೆಯ ವಾಯವ್ಯ ಮೂಲೆ ಜೋಯಿಡಾ. ಪಶ್ಚಿಮಕ್ಕೆ ಗೋವಾ, ಉತ್ತರಕ್ಕೆ ಬೆಳಗಾವಿ ಜಿಲ್ಲೆಯ ಖಾನಾಪುರ, ದಕ್ಷಿಣಕ್ಕೆ ಕಾರವಾರ, ಪೂರ್ವಕ್ಕೆ ಹಳಿಯಾಳ, ದಾಂಡೇಲಿ, ಯಲ್ಲಾಪುರ. ವಿಸ್ತಾರ ಸುಮಾರು 1,900 ಚದರ ಕಿಲೋಮೀಟರ್. ಜನಸಂಖ್ಯೆ ಐವತ್ತು ಸಾವಿರದ ಆಸುಪಾಸು. ಬೆಂಗಳೂರು ನಗರ ಜಿಲ್ಲೆ ಇದಕ್ಕಿಂತ ಸ್ವಲ್ಪವೇ ದೊಡ್ಡದು, 2,196 ಚದರ ಕಿಲೋಮೀಟರ್. ಅಲ್ಲಿ 2011ರಲ್ಲೇ 96 ಲಕ್ಷ ಜನ ಇದ್ದರು. ರಾಜ್ಯದ ಸರಾಸರಿ ಲೆಕ್ಕದಲ್ಲಿ ಒಂದು ಚದರ ಕಿಲೋಮೀಟರಿಗೆ 319 ಜನ. ಜೋಯಿಡಾದಲ್ಲಿ ಮೂವತ್ತು ಕೂಡ ಇಲ್ಲ. ನಿಮಗೆ ‘ಊರೇ ಇಲ್ಲ’ ಅನ್ನಿಸಿದ್ದು ತಪ್ಪಲ್ಲ. ಆದರೆ ಊರುಗಳಿವೆ. ರಸ್ತೆಯಿಂದ ಒಳಗಿವೆ, ಮರದ ಮರೆಯಲ್ಲಿವೆ, ಅಷ್ಟೇ.

ಕಾಳಿ ಹುಟ್ಟುವುದು ಈ ತಾಲ್ಲೂಕಿನ ಡಿಗ್ಗಿ ಎಂಬ ಹಳ್ಳಿಯ ಕಡೆ, ಗೋವಾ ಗಡಿಯ ಹತ್ತಿರ. ಸುಮಾರು 184 ಕಿಲೋಮೀಟರ್ ಹರಿದು ಕಾರವಾರದ ಹತ್ತಿರ, ಸದಾಶಿವಗಡದ ಪಕ್ಕದಲ್ಲಿ ಸಮುದ್ರ ಸೇರುತ್ತದೆ. ಹುಟ್ಟಿನಿಂದ ಕೊನೆಯವರೆಗೆ ಒಂದೇ ಜಿಲ್ಲೆಯಲ್ಲಿ ಹರಿಯುವ ನದಿ ಇದು. ಮಳೆಯ ಲೆಕ್ಕ ಕೇಳಿದರೆ ಆಶ್ಚರ್ಯ ಆಗುತ್ತದೆ. ಪಕ್ಕದ ಹಳಿಯಾಳದಲ್ಲಿ ಹತ್ತಿ, ಜೋಳ ಬೆಳೆಯುವ ಬಯಲುಸೀಮೆಯ ಛಾಯೆ ಇದೆ. ಅಲ್ಲಿಂದ ಪಶ್ಚಿಮಕ್ಕೆ ಹೋದ ಹಾಗೆ ಮಳೆ ಏರುತ್ತಾ ಹೋಗಿ ಕ್ಯಾಸಲ್‌ರಾಕ್‌ನಲ್ಲಿ ವರ್ಷಕ್ಕೆ ಐದು ಸಾವಿರ ಮಿಲಿಮೀಟರ್ ದಾಟುವುದೂ ಉಂಟು. ಅಲ್ಲಿನ ಹಳೇ ಮನೆಗಳ ಗೋಡೆಗೆ ಮಳೆಗಾಲದಲ್ಲಿ ತೆಂಗಿನ ಗರಿ, ಹುಲ್ಲು ಕಟ್ಟಿ ತಟ್ಟಿ ಮಾಡುತ್ತಿದ್ದರು. ಇಲ್ಲದಿದ್ದರೆ ಮಣ್ಣಿನ ಗೋಡೆ ನಿಲ್ಲುವುದಿಲ್ಲ.

ಕ್ಯಾಸಲ್‌ರಾಕ್ ಅಂದ ಮೇಲೆ ರೈಲಿನ ಕಥೆ ಹೇಳಲೇಬೇಕು. ಜೋಯಿಡಾ ತಾಲ್ಲೂಕಿನ ಈ ಸಣ್ಣ ಊರು ಒಂದು ಕಾಲಕ್ಕೆ ಎರಡು ರಾಜ್ಯಭಾರಗಳ ಗಡಿ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಮುರ್ಮಗೋವಾ ಬಂದರಿನಿಂದ ಘಟ್ಟ ಹತ್ತಿ ಬಂದ ಹಳಿ ಇಲ್ಲಿಗೆ ಮುಟ್ಟಿತು. ಕೆಳಗೆ ಗೋವಾದ ಕುಳೆಯಲ್ಲಿ ಪೋರ್ಚುಗೀಸರ ಸುಂಕದ ಕಟ್ಟೆ, ಮೇಲೆ ಕ್ಯಾಸಲ್‌ರಾಕ್‌ನಲ್ಲಿ ಬ್ರಿಟಿಷರದ್ದು. ನಡುವೆ 26 ಕಿಲೋಮೀಟರ್ ಘಟ್ಟ, 37 ಅಡಿ ಹೋದರೆ ಒಂದು ಅಡಿ ಏರು. ದೂಧಸಾಗರ ಜಲಪಾತ ಇರುವುದು ಇದೇ ದಾರಿಯಲ್ಲಿ. ಸ್ವಾತಂತ್ರ್ಯ ಬಂದ ಮೇಲೂ ಗೋವಾ ಬೇರೆಯಾಗಿಯೇ ಉಳಿದಿದ್ದರಿಂದ ಸುಂಕದ ತಪಾಸಣೆ ಮುಂದುವರಿಯಿತು. 1955ರಲ್ಲಿ ರೈಲು ಓಡಾಟವೇ ನಿಂತಿತು. 1961ರ ಡಿಸೆಂಬರಿನಲ್ಲಿ ಗೋವಾ ಬಿಡುಗಡೆ ಆದ ಮೇಲೆ ದಾರಿ ತೆರೆಯಿತು. ಈ ಗಡಿ ಮದುವೆ, ಹಬ್ಬ, ದೇವರ ಹರಕೆಗೆ ಅಡ್ಡ ಬಂದಿತ್ತು. ಯಾಕಂದರೆ ಎರಡೂ ಕಡೆ ಇದ್ದವರು ಒಂದೇ ಜನ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಇಲ್ಲಿ ಯಾರಿದ್ದಾರೆ?

ಮೊದಲು ಹೇಳಬೇಕಾದವರು ಕುಣಬಿಗಳು. ನೀವು ಅಂಗಡಿಯಲ್ಲಿ ಕೇಳಿದ ಕೊಂಕಣಿ ಅವರದ್ದೇ ಇರಬಹುದು. ಗೋವಾದಿಂದ ಪೋರ್ಚುಗೀಸರ ಕಾಟ ತಾಳಲಾರದೆ ಘಟ್ಟ ಹತ್ತಿ ಬಂದವರು ತಮ್ಮ ಹಿರಿಯರು ಅಂತ ಅವರಲ್ಲಿ ಹಲವರು ಹೇಳುತ್ತಾರೆ. ಅವರು ಮಾಡುತ್ತಿದ್ದದ್ದು ಕುಮರಿ ಬೇಸಾಯ. ಕಾಡಿನ ಒಂದು ತುಂಡು ಕಡಿದು, ಸುಟ್ಟು, ಆ ಬೂದಿಯಲ್ಲಿ ರಾಗಿ, ಸಾವೆ ಬಿತ್ತಿ, ಒಂದೆರಡು ವರ್ಷ ಬೆಳೆದು ಆ ಜಾಗವನ್ನು ಮತ್ತೆ ಕಾಡಿಗೆ ಬಿಡುವುದು. ಬ್ರಿಟಿಷರಿಗೆ ಇಲ್ಲಿನ ಸಾಗುವಾನಿ ಬೇಕಿತ್ತು. ಹಡಗಿಗೆ, ರೈಲಿಗೆ. ಹತ್ತೊಂಬತ್ತನೇ ಶತಮಾನದ ನಡುವಿನಿಂದಲೇ ಕುಮರಿಗೆ ಕಡಿವಾಣ ಹಾಕುತ್ತಾ ಬಂದರು. ಕುಣಬಿಗಳು ಕಾಡಿನ ಒಡೆಯರಾಗಿದ್ದವರು ಕಾಡಿನ ಕೂಲಿಗಳಾದರು. ಈ ಒಂದು ಬದಲಾವಣೆ ಗೊತ್ತಿದ್ದರೆ ಜೋಯಿಡಾದ ಬಡತನ ಅರ್ಧ ಅರ್ಥ ಆಗುತ್ತದೆ.

ಕುಮರಿ ಹೋಯಿತು, ಆದರೆ ಗೆಡ್ಡೆ ಉಳಿಯಿತು. ಇದನ್ನು ನೀವು ಹತ್ತಿರದಿಂದ ನೋಡಬೇಕು. ಡಿಸೆಂಬರ್ ಹೊತ್ತಿಗೆ ಯಾವುದಾದರೂ ಕುಣಬಿ ಮನೆಯ ಹಿತ್ತಲಿಗೆ ಹೋಗಿ. ಕೆಂಪು ಮಣ್ಣಿನ ಪಾತಿ, ಸುತ್ತ ಕೋಲು ಮುಳ್ಳಿನ ಬೇಲಿ. ಬೇಲಿ ಗಟ್ಟಿ ಇರದಿದ್ದರೆ ಕಾಡುಹಂದಿ, ಮುಳ್ಳುಹಂದಿ ಒಂದೇ ರಾತ್ರಿಯಲ್ಲಿ ಎಲ್ಲ ಅಗೆದು ಹಾಕುತ್ತವೆ. ಒಣಗಿದ ಎಲೆ ಕಂಡ ಕಡೆ ಮನೆಯಾಕೆ ಕುಕ್ಕರುಗಾಲಲ್ಲಿ ಕೂತು, ಗೆಡ್ಡೆಗೆ ಏಟು ಬೀಳದ ಹಾಗೆ ಸುತ್ತಲಿಂದ ಮಣ್ಣು ಬಿಡಿಸುತ್ತಾ ಬರುತ್ತಾಳೆ. ಹೊರಗೆ ಬರುವುದು ಮುಡ್ಲಿ. ಕೆಸುವಿನ ಜಾತಿಯ ಗೆಡ್ಡೆ. ಪೇಟೆಯಲ್ಲಿ ಸಿಗುವ ಕೆಸುವಿನ ಗೆಡ್ಡೆ ನೋಡಿದವರಿಗೆ ಇದರ ಗಾತ್ರ ನಂಬಲಾಗುವುದಿಲ್ಲ. ನಾನು ನೋಡಿದ ಒಂದು ನನ್ನ ಮುಂಗೈಯಷ್ಟು ಉದ್ದ ಇತ್ತು. ಮಣ್ಣು ಒರೆಸಿ, ತುದಿಯ ಕಡೆ ಒಂದು ತುಂಡು ಕತ್ತರಿಸಿ ಬೇರೆ ಇಟ್ಟರು. ಅದು ಬರುವ ವರ್ಷದ ಬೀಜ. ಉಳಿದದ್ದು ಉಪ್ಪು ಹಾಕಿದ ನೀರಿನಲ್ಲಿ ಬೇಯಲು ಹೋಯಿತು. ಹಸಿಮೆಣಸಿನ ಚಟ್ನಿ ಜೊತೆ ಬಿಸಿಬಿಸಿ ತಿಂದರೆ ಇನ್ನೊಂದು ಊಟ ಬೇಡ.

ಮುಡ್ಲಿ ಒಂದೇ ಅಲ್ಲ. ಹೆಗ್ಗೆಣಸು, ಸುವರ್ಣಗೆಡ್ಡೆ, ಮರಗೆಣಸು, ಕೆಸುವಿನಲ್ಲೇ ಹಲವು ಬಗೆ. ಮಳೆಗಾಲದಲ್ಲಿ ಹೊಳೆ ತುಂಬಿ, ದಾರಿ ಕಡಿದು, ಪೇಟೆಗೆ ಹೋಗಲಾಗದ ದಿನಗಳಲ್ಲಿ ಹೊಟ್ಟೆ ಕಾದದ್ದು ಇವೇ. ಪ್ರತಿ ವರ್ಷ ಚಳಿಗಾಲದಲ್ಲಿ ಜೋಯಿಡಾದಲ್ಲಿ ಗೆಡ್ಡೆ ಗೆಣಸು ಮೇಳ ನಡೆಯುತ್ತದೆ. ಹೆಂಗಸರು ಬುಟ್ಟಿಯಲ್ಲಿ ಹೊತ್ತು ತಂದು ಸಾಲಾಗಿ ಇಟ್ಟುಕೊಂಡು ಕೂರುತ್ತಾರೆ. ಗೋವಾ, ಬೆಳಗಾವಿ ಕಡೆಯವರೂ ಕೊಳ್ಳಲು ಬರುತ್ತಾರೆ. ಮಧ್ಯಾಹ್ನದ ಹೊತ್ತಿಗೆ ಒಳ್ಳೆಯ ಮುಡ್ಲಿ ಖಾಲಿ ಆಗಿರುತ್ತದೆ. ಬೇಗ ಹೋಗಿ.

ಕುಣಬಿಗಳ ವಿಷಯದಲ್ಲಿ ಒಂದು ಅನ್ಯಾಯ ಇದೆ. ಅದನ್ನು ಹೇಳದೆ ಬಿಟ್ಟರೆ ಈ ಉತ್ತರ ಅರ್ಧವೇ. 2003ರಲ್ಲಿ ಗೋವಾದ ಕುಣಬಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದರು. ಅವರದ್ದೇ ಬಂಧುಬಳಗ, ಅದೇ ಭಾಷೆ, ಅದೇ ದೇವರು ಇರುವ ಜೋಯಿಡಾದ ಕುಣಬಿಗಳು ವರ್ಷಗಳಿಂದ ಕೇಳುತ್ತಿದ್ದರೂ ಸೇರಿಲ್ಲ. ಇದು ಬರೀ ಮೀಸಲಾತಿಯ ಪ್ರಶ್ನೆ ಅಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯಲ್ಲಿ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ಆ ಭೂಮಿಯಲ್ಲಿ ಇದ್ದರೆ ಸಾಕು. ಬೇರೆಯವರು ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲೇ ಇದ್ದೆವು ಅಂತ ದಾಖಲೆ ಕೊಡಬೇಕು. ಕುಮರಿ ಮಾಡುತ್ತಾ ಜಾಗ ಬದಲಿಸುತ್ತಿದ್ದವರ ಹತ್ತಿರ 75 ವರ್ಷದ ಕಾಗದ ಎಲ್ಲಿಂದ ಬರಬೇಕು? ಇಡೀ ಕಾಡಿಗೇ ಅವರ ಅಜ್ಜಂದಿರ ಹೆಸರು ಗೊತ್ತು. ಕಚೇರಿಯ ಕಡತಕ್ಕೆ ಗೊತ್ತಿಲ್ಲ.

ಗೌಳಿಗರು ಎಮ್ಮೆಯವರು. ಮಹಾರಾಷ್ಟ್ರದ ಕಡೆಯಿಂದ ಮೇವು ಹುಡುಕುತ್ತಾ ಬಂದು ಕಾಡಿನ ಅಂಚಿನಲ್ಲಿ ನೆಲೆ ನಿಂತವರು. ಅವರ ಕೇರಿಗೆ ಗೌಳಿವಾಡಾ ಅನ್ನುತ್ತಾರೆ. ಮನೆಯಲ್ಲಿ ಮರಾಠಿಯ ಒಂದು ಬಗೆ ಆಡುತ್ತಾರೆ, ಪೇಟೆಗೆ ಬಂದರೆ ಕನ್ನಡ. ದಸರಾ ಸಮಯದ ಶಿಲಂಗಣ ಅವರ ದೊಡ್ಡ ಹಬ್ಬ. ಸಿದ್ದಿಗಳು ಜೋಯಿಡಾಕ್ಕಿಂತ ಪಕ್ಕದ ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲಾದಲ್ಲಿ ಜಾಸ್ತಿ. ಇಲ್ಲಿಯೂ ಕೆಲವು ಮನೆಗಳಿವೆ. ಆಫ್ರಿಕಾದಿಂದ ಗುಲಾಮರಾಗಿ ಗೋವಾಕ್ಕೆ ಬಂದು, ಅಲ್ಲಿಂದ ತಪ್ಪಿಸಿಕೊಂಡು ಈ ಕಾಡು ಸೇರಿದವರ ಮಕ್ಕಳು ಮೊಮ್ಮಕ್ಕಳು ಇವರು. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರಿದ್ದಾರೆ, ಆದರೆ ಮದುವೆ, ಡಮಾಮಿ ಕುಣಿತ ಬಂದರೆ ಎಲ್ಲರೂ ಸಿದ್ದಿಗಳೇ. ಇವರಿಗೆ 2003ರಲ್ಲಿ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು. ಗುಂದ, ಉಳವಿ ಕಡೆ ಹವ್ಯಕರ ಅಡಿಕೆ ತೋಟಗಳಿವೆ. ಮರಾಠರು, ಮುಸ್ಲಿಮರು, ಕ್ರೈಸ್ತರು, ಡ್ಯಾಮಿನ ಕೆಲಸಕ್ಕೆ ಬಂದು ಇಲ್ಲೇ ಉಳಿದವರು, ಹೀಗೆ ಪಟ್ಟಿ ಉದ್ದ ಇದೆ. ಭಾಷೆ ಬದಲಾಗುವುದನ್ನು ನೀವು ಅಂಗಡಿಯಲ್ಲಿ ನೋಡಿದಿರಲ್ವಾ? ಇಲ್ಲಿನ ಮಕ್ಕಳಿಗೆ ಶಾಲೆಗೆ ಹೋಗುವ ಮೊದಲೇ ಎರಡು ಭಾಷೆ ಬರುತ್ತದೆ.

ಈ ಸೀಮೆಯ ಹಳೇ ಅರಸರು ಶಿರಸಿ ಹತ್ತಿರದ ಸೋದೆಯವರು. 1763ರ ಸುಮಾರಿಗೆ ಹೈದರಾಲಿ ಸೋದೆಯನ್ನು ಹಿಡಿದಾಗ ಅರಸ ಗೋವಾಕ್ಕೆ ಹೋಗಿ ಪೋರ್ಚುಗೀಸರ ಆಶ್ರಯ ಪಡೆದ. ಟಿಪ್ಪು ಸತ್ತ ಮೇಲೆ, 1799ರಲ್ಲಿ ಬ್ರಿಟಿಷರು ಬಂದರು. ಮೊದಲು ಮದರಾಸು ಪ್ರಾಂತ್ಯ, 1862ರಿಂದ ಮುಂಬಯಿ ಪ್ರಾಂತ್ಯ, 1956ರಲ್ಲಿ ಮೈಸೂರು ರಾಜ್ಯ. ಆಡಳಿತ ಇಷ್ಟು ಸಲ ಕೈ ಬದಲಿಸಿದರೂ ರಾಜಧಾನಿ ಮಾತ್ರ ಯಾವಾಗಲೂ ದೂರವೇ ಇತ್ತು.

ಆದರೆ ಇಲ್ಲಿಗೆ ದೂರದಿಂದ ನಡೆದು ಬರುವ ಜನ ಎಂಟು ನೂರು ವರ್ಷದಿಂದ ಇದ್ದಾರೆ. ಹನ್ನೆರಡನೇ ಶತಮಾನದಲ್ಲಿ ಕಲ್ಯಾಣದಲ್ಲಿ ಗಲಭೆ ಆದಾಗ ಶರಣರು ವಚನದ ಕಟ್ಟು ಹೊತ್ತು ಹೊರಟರು. ಚನ್ನಬಸವಣ್ಣ, ಅವರ ತಾಯಿ ಅಕ್ಕ ನಾಗಮ್ಮ ಈ ಕಾಡಿಗೆ ಬಂದರು ಅನ್ನುವುದು ಪರಂಪರೆ. ಚನ್ನಬಸವಣ್ಣನ ಸಮಾಧಿ ಉಳವಿಯಲ್ಲಿದೆ. ಸುತ್ತಲೂ ಸುಣ್ಣದ ಕಲ್ಲಿನ ಗವಿಗಳು. ಆಕಳ ಗವಿ, ಮಹಾಮನೆ ಗವಿ ಅಂತ ಭಕ್ತರು ಸಾಲಾಗಿ ನೋಡಿಕೊಂಡು ಬರುತ್ತಾರೆ. ಅಡಗಿಕೊಳ್ಳುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಇರಲಿಲ್ಲ.

ನೀವು ಉಳವಿಗೆ ಹೋದ ದಿನ ಜನ ಕಡಿಮೆ ಇದ್ದಿರಬೇಕು. ಭಾರತ ಹುಣ್ಣಿಮೆಯ ಜಾತ್ರೆಗೆ ಹೋದರೆ ಬೇರೆಯೇ ಊರು. ಧಾರವಾಡ, ಬೆಳಗಾವಿ, ಹಾವೇರಿ, ಗದಗ ಕಡೆಯಿಂದ ರೈತರು ಚಕ್ಕಡಿ ಕಟ್ಟಿಕೊಂಡು ಬರುತ್ತಾರೆ. ಬಸ್ಸಿದೆ, ಕಾರಿದೆ, ಆದರೂ ಚಕ್ಕಡಿ. ಎತ್ತಿನ ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ, ಮೈಮೇಲೆ ಝೂಲ. ಗಾಡಿಯ ಕೆಳಗೆ ಲಾಟೀನು ತೂಗುತ್ತಿರುತ್ತದೆ. ಒಳಗೆ ಕಟಕ ರೊಟ್ಟಿಯ ಗಂಟು, ಶೇಂಗಾ ಚಟ್ನಿ, ಎತ್ತಿಗೆ ಹೊಟ್ಟು. ಬಯಲಿನ ಎತ್ತುಗಳಿಗೆ ಘಟ್ಟದ ಏರು ಅಭ್ಯಾಸ ಇರುವುದಿಲ್ಲ. ಏರು ಬಂದಾಗ ಗಂಡಸರೆಲ್ಲ ಇಳಿದು ಗಾಲಿಗೆ ಕೈ ಕೊಡುತ್ತಾರೆ. ‘ಅಡಕೇಶ್ವರ ಮಡಕೇಶ್ವರ ಉಳವಿ ಚನ್ನಬಸವೇಶ್ವರ, ಹರ ಹರ ಮಹಾದೇವ’ ಅಂತ ಒಬ್ಬರು ಕೂಗಿದರೆ ಹಿಂದಿನ ಗಾಡಿಗಳಿಂದ ಉತ್ತರ ಬರುತ್ತದೆ. ರಾತ್ರಿ ಕಾಡಿನ ದಾರಿಯಲ್ಲಿ ಲಾಟೀನುಗಳ ಸಾಲು ಹೋಗುವುದನ್ನು ನಾನು ಒಮ್ಮೆ ಸೇತುವೆ ಮೇಲೆ ನಿಂತು ನೋಡಿದ್ದೆ. ಅರ್ಧ ಗಂಟೆ ಆದರೂ ಸಾಲು ಮುಗಿಯಲಿಲ್ಲ.

ಈಗ ಆ ದಾರಿಯ ಎರಡೂ ಬದಿ ಹುಲಿ ಸಂರಕ್ಷಿತ ಪ್ರದೇಶ. 1956ರಲ್ಲಿ ದಾಂಡೇಲಿ ಅಭಯಾರಣ್ಯ, 1987ರಲ್ಲಿ ಅಣಶಿ ರಾಷ್ಟ್ರೀಯ ಉದ್ಯಾನ, 2007ರಲ್ಲಿ ಎರಡನ್ನೂ ಸೇರಿಸಿ ಹುಲಿ ಸಂರಕ್ಷಿತ ಪ್ರದೇಶ, 2015ರಲ್ಲಿ ‘ಕಾಳಿ’ ಅಂತ ಹೆಸರು. ಕರಿಚಿರತೆ, ಮಂಗಟ್ಟೆ ಹಕ್ಕಿ, ಕಾಡೆಮ್ಮೆ ಎಲ್ಲ ಇವೆ, ಉಳಿಯಬೇಕು. ಆದರೆ ಒಳಗಿನ ಹಳ್ಳಿಗಳಲ್ಲಿ ರಸ್ತೆಗೆ, ಸೇತುವೆಗೆ, ಕರೆಂಟಿನ ಕಂಬಕ್ಕೆ ಅನುಮತಿ ಸಿಗುವುದು ಬಹಳ ಕಷ್ಟ. ಸ್ವಂತ ಇಷ್ಟದಿಂದ ಹೊರಗೆ ಹೋಗುವ ಕುಟುಂಬಕ್ಕೆ ಮೊದಲು 10 ಲಕ್ಷ ರೂಪಾಯಿ ಇತ್ತು, ಈಗ 15 ಲಕ್ಷ. ಕೆಲವರು ತೆಗೆದುಕೊಂಡು ಹೋದರು. ಮಕ್ಕಳ ಓದು, ಆಸ್ಪತ್ರೆ ಅಂತ ಯೋಚಿಸಿ ಹೋದವರನ್ನು ನಾನು ತಪ್ಪು ಅನ್ನಲಾರೆ. ಆದರೆ ರಸ್ತೆಯೂ ಇಲ್ಲ, ದೀಪವೂ ಇಲ್ಲ ಅಂತಾದ ಮೇಲೆ ಹೋಗುವುದನ್ನು ‘ಸ್ವಂತ ಇಷ್ಟ’ ಅನ್ನುವುದು ಹೇಗೆ? ಒಮ್ಮೆ ಡ್ಯಾಮಿಗಾಗಿ ಊರು ಬಿಟ್ಟ ತಾಲ್ಲೂಕು ಇದು. ಕಾಡಿಗಾಗಿ ಎರಡನೇ ಸಲ ಎದ್ದು ಹೋಗಿ ಅಂದರೆ ಅವರಿಗೆ ಹೇಗನ್ನಿಸಬೇಡ? ಹುಲಿ ಇವತ್ತಿಗೂ ಈ ಕಾಡಿನಲ್ಲಿ ಇರುವುದಕ್ಕೆ ಇದೇ ಜನ ಕಾಡನ್ನು ಉಳಿಸಿಕೊಂಡು ಬಂದದ್ದೂ ಒಂದು ಕಾರಣ. ಈ ಮಾತನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

ಇನ್ನೊಮ್ಮೆ ಹೋಗುವುದಾದರೆ ಮಳೆಗಾಲ ಬಿಟ್ಟು ಹೋಗಿ. ಡಿಸೆಂಬರಿನಿಂದ ಫೆಬ್ರವರಿ ಒಳ್ಳೆಯದು, ಗೆಡ್ಡೆ ಕೀಳುವ ಕಾಲ, ಆಮೇಲೆ ಉಳವಿ ಜಾತ್ರೆ. ರೆಸಾರ್ಟಿನಲ್ಲೇ ಮೂರು ದಿನ ಕಳೆಯಬೇಡಿ. ಹಳ್ಳಿಗಳಲ್ಲಿ ಮನೆವಾಸ್ತವ್ಯ ಕೊಡುವವರಿದ್ದಾರೆ, ಒಂದು ರಾತ್ರಿ ಅಲ್ಲಿ ಇರಿ. ಊಟಕ್ಕೆ ಏನು ಬೇಕು ಅಂತ ಕೇಳಿದರೆ ‘ನೀವು ಏನು ತಿನ್ನುತ್ತೀರೋ ಅದೇ’ ಅನ್ನಿ. ಸಂಜೆ ಹಿನ್ನೀರಿನ ಕಡೆ ಹೋಗುವ ದಾರಿಯಲ್ಲಿ ಯಾರಾದರೂ ಅರವತ್ತು ದಾಟಿದವರು ಸಿಕ್ಕರೆ ಹಳೇ ಸೂಪಾ ಯಾವ ಕಡೆ ಅಂತ ಕೇಳಿ. ಬೇಸಿಗೆಗೆ ನೀರು ಇಳಿದಾಗ ಅಲ್ಲಿ ಒಣಗಿದ ಮರದ ಬೊಡ್ಡೆಗಳು ಎದ್ದು ನಿಂತಿರುತ್ತವೆ. ಆ ಬೊಡ್ಡೆಗಳನ್ನು ಗುರುತು ಇಟ್ಟುಕೊಂಡು ಅವರು ನಿಮಗೆ ಪೇಟೆ ಎಲ್ಲಿತ್ತು, ಹೊಳೆ ಎಲ್ಲಿ ಸೇರುತ್ತಿತ್ತು, ತಮ್ಮ ಗದ್ದೆ ಯಾವ ಮಗ್ಗುಲಲ್ಲಿತ್ತು ಅಂತ ಕೈ ಮಾಡಿ ತೋರಿಸುತ್ತಾರೆ.